ಹನಿ ಇಳಿಯದ ಮಧ್ಯಾಹ್ನ

ಆಪರೇಷನ್ ಮುಗಿದು ಎರಡು ತಾಸಾದರೂ ಅಕ್ಕನ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲಕ್ಕೆ ಒಂದು ಹನಿಯೂ ಇಳಿದಿರಲಿಲ್ಲ. ನಳಿಗೆ ಎಲ್ಲಾದರೂ ಮಡಚಿದೆಯೇ ಎಂದು ಮೂರು ಸಲ ಸವರಿ ನೋಡಿದೆ. ಮಡಚಿರಲಿಲ್ಲ. ಅಕ್ಕನಿಗಿರುವುದು ಒಂದೇ ಮೂತ್ರಪಿಂಡ. ಇನ್ನೊಂದನ್ನು ಏಳು ವರ್ಷದ ಹಿಂದೆ ನನಗೆ ಕೊಟ್ಟು, ಇನ್ನು ಮೇಲಾದರೂ ನನ್ನ ಮಾತು ಕೇಳು ಎಂದು ಗೇಲಿ ಮಾಡಿದ್ದಳು.

ಕಿರಿಯ ಡಾಕ್ಟರು ಬಂದು, ಮೈಯಲ್ಲಿ ನೀರು ಕಮ್ಮಿಯಾಗಿರಬೇಕು, ಇನ್ನೊಂದು ಬಾಟಲಿ ಏರಿಸಿ ಎಂದು ಹೇಳಿ ಹೋದರು. ಏರಿಸಿದೆ. ಇದು ನೀರಿನ ತಾಪತ್ರಯವಲ್ಲ ಎಂದು ಏರಿಸುವಾಗಲೇ ನನಗೆ ಗೊತ್ತಿತ್ತು.

ಸ್ವಂತದವರ ಆಪರೇಷನ್ನಿಗೆ ನಿಲ್ಲಬೇಡ ಎಂದು ನನ್ನ ಜೊತೆಯ ನರ್ಸುಗಳೆಲ್ಲ ಹೇಳಿದ್ದರು. ನಾನು ಹಟಮಾರಿ; ಸೂಜಿ, ಕತ್ತರಿ ಕೊಡುವವಳು ನಾನೇ ಎಂದು ನಿಂತೆ. ಗರ್ಭಕೋಶ ತೆಗೆಯುವಾಗ ರಕ್ತ ಚಿಮ್ಮಿತು. ಗರ್ಭಕೋಶದ ರಕ್ತನಾಳದ ಅಡಿಯಲ್ಲೇ, ಮೂತ್ರಪಿಂಡದಿಂದ ಇಳಿದು ಬರುವ ಮೂತ್ರನಾಳ ನುಸುಳಿ ಹೋಗುತ್ತದೆ. ರಕ್ತನಾಳ ಮಿಡಿಯುತ್ತದೆ, ಮೂತ್ರನಾಳ ಮುಟ್ಟಿದರೆ ಎರೆಹುಳದಂತೆ ಮಿಸುಕುತ್ತದೆ. ದೊಡ್ಡ ಡಾಕ್ಟರು ಅವಸರದಲ್ಲಿ ಹೊಲಿಗೆ ಹಾಕುವಾಗ ದಾರದ ಕೆಳಗೆ ಏನೋ ಮಿಸುಕಿದ್ದನ್ನು ನಾನು ಕಂಡೆ. ಅವರು ಗಂಟು ಹಾಕುವಾಗ ಯಾರೂ ತುಟಿ ಬಿಚ್ಚಬಾರದು; ಆ ಕೋಣೆಯ ಕಟ್ಟಳೆ ಅದು. ಮನೆಯಲ್ಲಿ ಬಾಯಿಬಡುಕಿ ಎನಿಸಿಕೊಂಡ ನಾನು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡೆ. ದಾರ ಕತ್ತರಿಸಲು ಕತ್ತರಿಯನ್ನೂ ಕೊಟ್ಟೆ.

ಊಟಕ್ಕೆ ಕೂತಿದ್ದ ದೊಡ್ಡ ಡಾಕ್ಟರ ಎದುರು ಹೋಗಿ ನಿಂತೆ.

"ಸರ್, ಮೂತ್ರನಾಳ ಗಂಟಲ್ಲಿ ಸಿಕ್ಕಿಕೊಂಡಿದೆ."

ನಿನಗೇನು ಗೊತ್ತು ಎಂದು ಸಿಡುಕಿದರು. ಮಿಸುಕಿದ್ದನ್ನು ನೋಡಿದೆ ಅಂದೆ. ತುತ್ತನ್ನು ತಟ್ಟೆಗೆ ಬಿಟ್ಟು ಎದ್ದರು.

ಮತ್ತೆ ಹೊಟ್ಟೆ ತೆರೆದರು. ಈ ಸಲ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತೆ. ಗಂಟಿನ ಮೇಲ್ಭಾಗದಲ್ಲಿ ಮೂತ್ರನಾಳ ಕಿರುಬೆರಳಷ್ಟು ಊದಿತ್ತಂತೆ. ದಾರ ಬಿಡಿಸಿ, ಒಳಗೊಂದು ಸಣ್ಣ ಕೊಳವೆ ಇಟ್ಟರು. ಚೀಲಕ್ಕೆ ಮೂತ್ರ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ ಇಳಿಯತೊಡಗಿತು. ಅಲ್ಲೇ ನೆಲಕ್ಕೆ ಕುಸಿದು ಅತ್ತುಬಿಟ್ಟೆ.

ಮರುದಿನ ಅಕ್ಕ ನನ್ನ ಕೈ ಹಿಡಿದುಕೊಂಡಳು. ತಂಗಿ ಎಚ್ಚರಿಸಿದ್ದರಿಂದಲೇ ನೀವು ಉಳಿದಿರಿ ಎಂದು ಡಾಕ್ಟರು ಹೇಳಿದ್ದರಂತೆ. ಅವಳ ಕಣ್ಣಲ್ಲಿ ನೀರಿತ್ತು. ಆ ಹೊಗಳಿಕೆ ನನಗೆ ಸಹಿಸಲಾಗಲಿಲ್ಲ.

"ಹೊಲಿಗೆ ಹಾಕುವಾಗ್ಲೇ ನೋಡಿದ್ದೆ ಅಕ್ಕ. ಬೈಸ್ಕೋಬೇಕಾಗತ್ತೆ ಅಂತ ಸುಮ್ನಿದ್ದೆ."



"ಒಂದು ಬೈಗುಳಕ್ಕಾ?" ಎಂದು ಕೇಳಿ, ಅಕ್ಕ ನನ್ನ ಕೈ ಬಿಟ್ಟಳು.