ಮೂಗು ಮುಚ್ಚದ ಮನೆ

ಪ್ಲಂಬರ್‌ಗೆ ವಾಸನೆ ಗೊತ್ತಾಗುತ್ತಿರಲಿಲ್ಲ.

(ಹೀಗೆ ಶುರು ಮಾಡಬಹುದೇ? ಮೊದಲ ಕರಡಿನಲ್ಲಿ ಅಪಾರ್ಟ್‌ಮೆಂಟಿನ ವರ್ಣನೆಯೇ ಒಂದೂವರೆ ಪುಟ ಇತ್ತು. ನನಗೇ ಆಕಳಿಕೆ ಬಂತು. ಹರಿದೆ.)

೧. ಹೋದ ವರ್ಷದ ಜ್ವರದಲ್ಲಿ ಅವನ ಮೂಗು ಸತ್ತಿತು. ಯಾರಿಗೂ ಹೇಳಲಿಲ್ಲ. ವಾಸನೆ ಹಿಡಿಯಲಾರದ ಪ್ಲಂಬರ್‌ನನ್ನು ಯಾರು ಕರೆಯುತ್ತಾರೆ? ಬಾತ್‌ರೂಮುಗಳು ನಾರುತ್ತಿವೆ ಎಂದು ಈ ಕಟ್ಟಡದವರು ಕರೆದಾಗ, ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯ ಮೂಗನ್ನೇ ನಂಬಿ ಎರಡನೇ ಮಹಡಿಯಲ್ಲಿ ಒಂಬತ್ತು ಟೈಲ್ಸ್ ಒಡೆದ. ಕೆಳಗಿನ ಪೈಪು ಸರಿಯಾಗಿಯೇ ಇತ್ತು.

"ಇನ್ನೊಂದು ಟೈಲ್ ಮುಟ್ಟಿದ್ರೆ ಬೇರೆಯವರನ್ನ ಕರೆಸ್ತೀನಿ," ಎಂದರು ಸೆಕ್ರೆಟರಿ. "ಆಮೇಲೆ ಇಡೀ ಬಿಲ್ಡಿಂಗ್ ಕೆಲಸ ಅವರಿಗೇ."

೩. (ಎರಡನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಪ್ಲಂಬರ್ ಮನೆಯಲ್ಲಿ ಕೂತು ಅಳುತ್ತಿದ್ದ. "ನಾನ್ಯಾವಾಗ ಅತ್ತೆ ಸಾರ್?" ಎಂದು ಕೇಳಿದ. ಆ ಪುಟವನ್ನೂ ಹರಿದೆ.)

ಮರುದಿನ ಅವನು ಮೂಸುವ ನಾಟಕ ಬಿಟ್ಟು ಮುಖಗಳನ್ನು ನೋಡುತ್ತ ಹೋದ. ಬಾಗಿಲು ತೆರೆದವರೆಲ್ಲ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದರು. ಮೂರನೇ ಮಹಡಿಯ ರಿಟೈರ್ಡ್ ಟೀಚರ್ ಮಾತ್ರ ಆರಾಮಾಗಿ ಚಹಾ ಕುಡಿಯುತ್ತಿದ್ದರು.

"ಇಲ್ಲಿ ನಾರಲ್ವಾ ಟೀಚರ್?"

"ನಮ್ಮನೇಲಿ ಏನೂ ಇಲ್ಲಪ್ಪ. ಕೆಳಗಡೆಯವರದ್ದು ಬರೀ ಗಲಾಟೆ."

ಅವನು ಚಹಾದ ಲೋಟವನ್ನೇ ನೋಡಿದ. ನಾತದ ಜೊತೆಯೇ ಇರುವವರಿಗೆ ಅದು ತಿಳಿಯುವುದಿಲ್ಲ.

"ನೀವು ಬಳಸದೇ ಇರೋ ಬಾತ್‌ರೂಮ್ ಏನಾದ್ರೂ ಇದ್ಯಾ?"

೪. ಇಲ್ಲಿ ನಾನು, ಅದು ಸತ್ತ ಗಂಡನ ಬಾತ್‌ರೂಮು, ಅಂದಿನಿಂದ ಬೀಗ ಹಾಕಿದೆ ಎಂದು ಬರೆದಿದ್ದೆ. ಟೀಚರ್ ಕನ್ನಡಕ ಸರಿಮಾಡಿಕೊಂಡರು.

"ಅವರನ್ನ ಯಾಕಯ್ಯಾ ಸಾಯಿಸ್ತೀಯ? ಒಳಗೆ ಟೀವಿ ನೋಡ್ತಾ ಕೂತಿದ್ದಾರೆ. ಆ ಬಾತ್‌ರೂಮಲ್ಲಿ ಇರೋದು ನನ್ನ ಹಳೇ ಪುಸ್ತಕ, ಅಷ್ಟೇ."

ಸರಿ, ಪುಸ್ತಕ. ಪ್ಲಂಬರ್ ಹತ್ತು ರಟ್ಟಿನ ಪೆಟ್ಟಿಗೆ ಹೊರಗಿಟ್ಟ. ನೆಲದ ಜಾಲರಿ ಎತ್ತಿ ಟಾರ್ಚ್ ಬೆಳಕು ಬಿಟ್ಟ. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಅದೇ. ಬಳಕೆಯಿಲ್ಲದೆ ಅದು ಒಣಗಿತ್ತು. ಗಾಳಿ ಮೇಲೆ ಬಂದು, ಕಿಟಕಿಯಾಚೆ ಎಲ್ಲ ಮಹಡಿಗೂ ಹಾಯುವ ಡಕ್ಟ್ ಹಿಡಿದು ಎಲ್ಲರ ಮನೆಗೂ ನುಗ್ಗುತ್ತಿತ್ತು.

ಒಂದು ಬಕೆಟ್ ನೀರು ಸುರಿದ. ಅಷ್ಟೇ. (ಕ್ಲೈಮ್ಯಾಕ್ಸ್ ಇಷ್ಟೇನಾ ಎನ್ನಬೇಡಿ. ಸೆಕ್ರೆಟರಿ ಮೆಟ್ಟಿಲು ಹತ್ತುತ್ತಿದ್ದಾರೆ.)

"ನಂಗೆ ನೆಗಡಿ ಕಣಯ್ಯಾ. ನೀನೇ ಮೂಸಿ ಹೇಳು, ಹೋಯ್ತಾ?"

(ನೆಗಡಿ ನಾನೇ ಅಂಟಿಸಿದ್ದು. ಒಪ್ಪಿಕೊಳ್ಳುತ್ತೇನೆ.)

೫. ಅಂತ್ಯ ಒಂದು: "ಹೋಯ್ತು ಸಾರ್" ಎನ್ನುತ್ತಾನೆ, ಕೆಲಸ ಉಳಿಯುತ್ತದೆ.

ಅಂತ್ಯ ಎರಡು: ಟೀಚರ್ ಮುಂದೆ ಬಂದು "ಹೋಗಿದೆ" ಎನ್ನುತ್ತಾರೆ. (ಅವರ ಮೂಗನ್ನು ನಂಬುವುದು ಹೇಗೆ?)

"ಸುಳ್ಳು ಬೇಕಿದ್ರೆ ನೀವು ಹೇಳ್ಕೊಳ್ಳಿ," ಎಂದು ನನಗೆ ಹೇಳಿ, ಪ್ಲಂಬರ್ ಸೆಕ್ರೆಟರಿಯತ್ತ ತಿರುಗಿದ. "ನಂಗೆ ವಾಸನೆ ಗೊತ್ತಾಗಲ್ಲ ಸಾರ್. ಒಂದು ವರ್ಷ ಆಯ್ತು."

ಸೆಕ್ರೆಟರಿ ಬಾಯಿ ತೆರೆದರು. ಏನು ಹೇಳಿದರೆಂದು ನಾನು ಬರೆಯುವುದಿಲ್ಲ. ಕೇಳಿದರೂ ಹೇಳುವುದಿಲ್ಲ.

ಈವರೆಗೆ ಹೋದದ್ದು: ಟೈಲ್ಸ್ ಒಂಬತ್ತು, ನೀರು ಒಂದು ಬಕೆಟ್, ಮೂಗು ಒಂದು.