ಸೋರೆಕಾಯಿ ಸೂಪು

“ಸ್ಕ್ವಾಶ್ ಅಂದ್ರ ಕುಡಿಯೂದಲ್ಲೇನ?” ಎಂದಳು ಶಾಂಭವಿ, ಮಗಳು ತಂದಿಟ್ಟ ಕಾಯನ್ನು ಎರಡೂ ಕೈಯಲ್ಲಿ ಎತ್ತಿ ತೂಗುತ್ತ. ಕಿತ್ತಳೆಯ ಚಿತ್ರವಿದ್ದ ಸ್ಕ್ವಾಶ್ ಬಾಟಲಿ ಬೇಸಿಗೆಗೊಮ್ಮೆ ಅವಳ ಮನೆಗೂ ಬರುತ್ತಿತ್ತು. ಇದು ನೋಡಿದರೆ ಮೇಲೆ ಉದ್ದನೆಯ ಕತ್ತು, ಕೆಳಗೆ ಗುಂಡು ಹೊಟ್ಟೆ, ಗೋಧಿ ಬಣ್ಣದ ನುಣ್ಣನೆಯ ಸಿಪ್ಪೆ.

“ಇದು ಬ್ಯಾರೆ ಅವ್ವ, ಬಟರ್‌ನಟ್ ಸ್ಕ್ವಾಶ್. ಅಮೆರಿಕಾದ ಸಾಹೇಬ್ರು ಬಂದಾಗ ನಮ್ಮ ಕ್ಯಾಂಟೀನಿನಾಗ ಇದರ ಸೂಪ್ ಮಾಡ್ತಾರ. ಭಾಳ ನುಣ್ಣಗಿರ್ತೈತಿ, ಬೆಣ್ಣಿ ಇದ್ದಂಗ. ಅಪ್ಪಗ ಇಳೀತೈತಿ ಅನಸ್ತು, ತಂದೆ.”

ಭಾಗ್ಯಶ್ರೀ ಮಾಧಾಪುರದ ಕಾಲ್ ಸೆಂಟರಿನಲ್ಲಿ ರಾತ್ರಿಯೆಲ್ಲ ಇಂಗ್ಲಿಷ್ ಮಾತಾಡಿ, ಬೆಳಿಗ್ಗೆ ಕಂಪನಿಯ ಕ್ಯಾಬಿನಲ್ಲಿ ಸನತ್‌ನಗರಕ್ಕೆ ಬಂದು ಇಳಿಯುವ ಹುಡುಗಿ. ಹೈದರಾಬಾದಿಗೆ ಹೈದರಾಬಾದೇ ಮಾಧಾಪುರದ ದಿಕ್ಕಿಗೆ ಓಡುತ್ತಿದ್ದ ಕಾಲ ಅದು. ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ, ಕಟ್ಟಡದ ಬುಡದಲ್ಲಿ ತಂಪು ಹವೆಯ ಅಂಗಡಿ, ಅಂಗಡಿಯೊಳಗೆ ಹೆಸರೇ ಗೊತ್ತಿಲ್ಲದ ಕಾಯಿಪಲ್ಲೆ. ಸೂಪು ಮಾಡುವ ಬಗೆಯನ್ನು ಬಾಯಲ್ಲೇ ಒಪ್ಪಿಸಿ ಅವಳು ಮಲಗಲು ಹೋದಳು.

ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಕುರ್ಚಿಯಲ್ಲಿ ದಿಂಬುಗಳಿಗೆ ಒರಗಿ ಚಂದ್ರಾಮಪ್ಪ ಕೂತಿದ್ದರು. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ ಲಕ್ವಾ ಹೊಡೆದು ಬಲಗೈಯನ್ನೂ ನಾಲಿಗೆಯನ್ನೂ ಕಸಿದುಕೊಂಡಿತ್ತು. ಆಸ್ಪತ್ರೆಯಿಂದ ಬಂದಮೇಲೆ ಒಂದು ಮಾತಿಲ್ಲ. ನೀರು ಕೊಟ್ಟರೆ ನೆತ್ತಿಗೇರಿ ಕೆಮ್ಮು, ಗಂಜಿ ಕೊಟ್ಟರೆ ತುಟಿ ಬಿಗಿ. ಸೋಮವಾರದೊಳಗೆ ಬಾಯಿಂದ ಹೊಟ್ಟೆಗೆ ಸರಿಯಾಗಿ ಏನಾದರೂ ಇಳಿಯದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ನಳಿಕೆ ಹಾಕಿಸಿಕೊಂಡವರನ್ನು ಶಾಂಭವಿ ವಾರ್ಡಿನಲ್ಲಿ ಕಂಡಿದ್ದಳು. ಅಂದಿನಿಂದ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಅವಳು ಕಾಯನ್ನು ತಿರುವಿ ನೋಡಿದಳು. ಕತ್ತು ಇದೆ, ಹೊಟ್ಟೆ ಇದೆ; ಹೆಸರು ಏನೇ ಇರಲಿ, ಇದು ಸೋರೆಕಾಯಿಯ ಪೈಕಿಯೇ. ಅಮೆರಿಕದವರ ಸೋರೆಕಾಯಿ ಸ್ವಲ್ಪ ಕೆಂಪಗಿರಬಹುದು, ಅವರ ಹಾಗೆ. ಈಳಿಗೆಯ ಮೇಲೆ ಕಾಲಿಟ್ಟು ಕೂತು ಕತ್ತನ್ನು ಅಲಗಿಗೆ ಒತ್ತಿದಳು. ಸೋರೆಕಾಯಿ ಇಷ್ಟು ಗಟ್ಟಿಯಿರುವುದಿಲ್ಲವಲ್ಲ ಎಂದುಕೊಂಡು ಮೈಭಾರವನ್ನೆಲ್ಲ ಹಾಕಿದಳು. ಟಪ್ಪೆಂದು ಎರಡು ಹೋಳಾಯಿತು.

ಒಳಗಿನ ಬಣ್ಣ ಕಂಡು ಅವಳ ಕೈ ನಿಂತುಹೋಯಿತು. ಅಬ್ಬಾ, ಅಂಥ ಕೇಸರಿ. ಆ ಬಡ ಸಿಪ್ಪೆಯ ಹಿಂದೆ ಇದನ್ನು ಯಾರು ಬಚ್ಚಿಟ್ಟರೋ. ಕಿಟಕಿಯ ಬಿಸಿಲು ಬಿದ್ದು ಅವಳ ಬೆರಳುಗಳೂ ಕೇಸರಿಯಾದಂತೆ ಕಂಡವು. ಒಂದು ಗಳಿಗೆ ಸೋಮವಾರವನ್ನೂ ಮರೆತು ನೋಡಿದಳು. ಆಮೇಲೆ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆಯ ಭಾಗದಲ್ಲಿ ನಾರಿನ ನಡುವೆ ಚಪ್ಪಟೆ ಬಿಳಿ ಬೀಜಗಳು.

“ಅಯ್ಯ ಶಿವನ,” ಎಂದಳು. “ಕುಂಬಳಕಾಯಿ.”

ಇಡೀ ಕುಂಬಳಕಾಯನ್ನು ಹೆಂಗಸು ಒಡೆಯಬಾರದು. ಮೊದಲ ಏಟು ಗಂಡಸಿನದು, ಆಮೇಲೆ ಯಾರು ಹೆಚ್ಚಿದರೂ ಸರಿ. ಹೆಂಗಸು ಒಡೆದರೆ ಮನೆಯ ಗಂಡಸಿಗೆ ಕೇಡು ಎಂದು ಅತ್ತೆ ಹೇಳಿದ್ದರು, ಅವಳು ಮರುಮಾತಾಡದೆ ನಡೆಸಿಕೊಂಡು ಬಂದಿದ್ದಳು. ಚಂದ್ರಾಮಪ್ಪ ಇದನ್ನೆಲ್ಲ ನಂಬುವವರಲ್ಲ. ಆದರೂ ಕುಂಬಳಕಾಯಿ ತಂದ ದಿನ ಕಾರ್ಖಾನೆಯಿಂದ ಬಂದವರೇ, ಬೂಟು ಕೂಡ ಬಿಚ್ಚದೆ ಚಾಕು ಎತ್ತಿ ಒಂದು ಏಟು ಹಾಕಿ, “ತಗೋ, ನನ್ನ ಡ್ಯೂಟಿ ಮುಗೀತು” ಎನ್ನುತ್ತಿದ್ದರು. ಅವರು ಕಾಯಿಲೆ ಬಿದ್ದಮೇಲೆ ಆ ಕಾಯಿ ಮನೆಯೊಳಗೆ ಬಂದಿರಲಿಲ್ಲ.

ಬಂದದ್ದು ಹೀಗೆ ಬಂತು. ಶಾಂಭವಿ ಎರಡು ಹೋಳನ್ನು ಕೂಡಿಸಿ ಗಟ್ಟಿಯಾಗಿ ಹಿಡಿದಳು, ಒಡೆದೇ ಇಲ್ಲವೆಂಬಂತೆ. ಕೈ ಸಡಿಲಾದೊಡನೆ ಅವು ಬೇರೆಯಾದವು. ತಲೆ ಎತ್ತಿದರೆ ಗಂಡ ಅವಳನ್ನೇ ನೋಡುತ್ತಿದ್ದರು.

“ನನಗ ತಿಳೀಲಿಲ್ರಿ,” ಎಂದಳು. ಅಳು ನುಗ್ಗಿ ಬಂತು. “ಸೋರಿಕಾಯಿ ಅಂತ ಕೊಯ್ದೆ. ಈಗ ನಿಮಗ ಹಿಂಗಾದ ಹೊತ್ತಿನಾಗ ನನ್ನ ಕೈಯಿಂದನ ಆಗಬೇಕಿತ್ತೇನ ಇದು. ಬ್ಯಾಡ್ರಿ, ಹೊರಗ ಒಗದು ಬರ್ತೀನಿ.”

ಹೋಳುಗಳನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು. ಕುರ್ಚಿಯ ಪಕ್ಕ ಹಾಯುವಾಗ ಚಂದ್ರಾಮಪ್ಪ ಎಡಗೈಯಿಂದ ಅವಳ ಸೆರಗು ಹಿಡಿದರು. ಅವರ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಉಸಿರು ಸಿಕ್ಕಿತೆಂದೇ ತಿಳಿದು ಅವಳು ಹೋಳು ಕೆಳಗಿಟ್ಟು ಬೆನ್ನು ನೀವತೊಡಗಿದಳು.

“ಸೋ…” ಎಂದರು ಅವರು. “ಸೋ… ರಿ…”

ಶಾಂಭವಿಯ ಕೈ ಬೆನ್ನ ಮೇಲೆಯೇ ಉಳಿಯಿತು.

“ಸೋರಿ… ಕಾಯಿ.”

ಆ ದನಿ ಒರಟಾಗಿತ್ತು, ಬಾವಿಯ ತಳದಿಂದ ಬಂದ ಹಾಗಿತ್ತು, ಆದರೆ ಅವರದೇ ದನಿ. ಮತ್ತೆ ಕೇಳಲು ಸಿಗುತ್ತದೆಂಬ ಆಸೆಯನ್ನೇ ಅವಳು ಬಿಟ್ಟಿದ್ದಳು. “ಏನಂದ್ರಿ?” ಎಂದು ಪಿಸುಗುಟ್ಟಿದಳು.

ಚಂದ್ರಾಮಪ್ಪ ಕಾಲ ಬಳಿ ಬಿದ್ದಿದ್ದ ಕೇಸರಿ ಹೋಳುಗಳನ್ನು, ಅವುಗಳ ಬೀಜಗಳನ್ನು ಚೆನ್ನಾಗಿ ನೋಡಿದರು. ಹುಬ್ಬು ಗಂಟಿಕ್ಕಿ, ಇದರ ಮೇಲೆ ಮಾತು ಬೇಡ ಎನ್ನುವ ಹಾಗೆ ಇನ್ನೊಮ್ಮೆ ಹೇಳಿದರು. “ಸೋರಿಕಾಯಿ.”

ಆಮೇಲೆ ಸೂಪು ಮಾಡಿದವಳು ತಾನೇನಾ ಎಂದು ಶಾಂಭವಿಗೇ ಅನುಮಾನ. ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿದ್ದು, ಹೋಳು ಹಾಕಿ ಕುಕ್ಕರ್ ಕೂಗಿಸಿದ್ದು ಎಲ್ಲ ಕೈ ತಾನಾಗಿ ಮಾಡಿತು. ಮಿಕ್ಸಿಯ ಗದ್ದಲಕ್ಕೆ ಭಾಗ್ಯಶ್ರೀ ಕಣ್ಣುಜ್ಜುತ್ತ ಎದ್ದು ಬಂದಳು. “ನಿಮ್ಮಪ್ಪ ಮಾತಾಡಿದ್ರು” ಎಂದರೆ ನಂಬಲೊಲ್ಲಳು. ಅವ್ವನ ಮುಖ ನೋಡಿದ ಮೇಲೆ ಜರಡಿ ಹಿಡಿದು ನಿಂತಳು. ಸೋಸಿ, ಮತ್ತೆ ಕುದಿಸಿ, ಹಾಲಿನ ಕೆನೆ ಕಡೆದು ಸುರಿದಾಗ ಕೇಸರಿಯೊಳಗೆ ಬಿಳುಪು ಸುರುಳಿ ಸುತ್ತಿ, ನಿಧಾನಕ್ಕೆ ಕರಗಿ ಹೋಯಿತು. ಒಂದು ಚಿಟಿಕೆ ಮೆಣಸಿನಪುಡಿ ಉದುರಿಸಿ, ಆರಿಸಿ ಬಟ್ಟಲಿಗೆ ಹಾಕಿಕೊಂಡರು.

ಚಮಚ ತುಟಿಗೆ ತಾಗಿತು. ತುಟಿ ತೆರೆಯಿತು. ತಾಯಿ ಮಗಳು ಇಬ್ಬರೂ ಅವರ ಗಂಟಲನ್ನೇ ನೋಡಿದರು. ಗಂಟಲಿನ ಗಂಟು ಮೇಲೆ ಹೋಯಿತು, ಅಲ್ಲಿಯೇ ತಡೆಯಿತು, ಇಳಿಯಿತು. ಕೆಮ್ಮು ಬರಲಿಲ್ಲ. ಇಷ್ಟು ವರ್ಷ ಎದುರಿಗೆ ಕೂತು ಊಟ ಮಾಡಿದ ಗಂಡಸು ನುಂಗುವುದನ್ನು ಶಾಂಭವಿ ಎಂದೂ ನೋಡಿರಲಿಲ್ಲ. ಇಷ್ಟು ದೊಡ್ಡ ಸಂಗತಿ ದಿನಕ್ಕೆ ಮೂರು ಹೊತ್ತು ತನ್ನ ಕಣ್ಣೆದುರಿಗೇ ನಡೆದು ಹೋಗಿತ್ತಲ್ಲ ಎಂದು ಅವಳಿಗೆ ಸೋಜಿಗವಾಯಿತು.

ಬಟ್ಟಲು ಅರ್ಧ ಆಗಿರುವಾಗ ಪಕ್ಕದ ಮನೆಯ ಗಂಗೂಬಾಯಿ ಹೆಪ್ಪು ಕೇಳಿಕೊಂಡು ಬಂದಳು. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. “ಕುಂಬಳಕಾಯಿ ಘಮಾ ಬರಾಕತ್ತೈತಿ. ಯಾರು ಒಡದು ಕೊಟ್ರು ಅಕ್ಕಾರ?”

“ಕುಂಬಳಕಾಯಿ ಅಲ್ರಿ,” ಎಂದಳು ಶಾಂಭವಿ, ಚಮಚದಿಂದ ಕಣ್ಣು ತೆಗೆಯದೆ. “ಸೋರಿಕಾಯಿ. ನಮ್ಮ ಮನಿಯವರು ಹೇಳ್ಯಾರ.”

ಗಂಗೂಬಾಯಿ ಕೇಸರಿ ಬಣ್ಣದ ಬಟ್ಟಲು ನೋಡಿದಳು. ಈಳಿಗೆಯ ಪಕ್ಕ ಬಿದ್ದಿದ್ದ ಬೀಜಗಳ ರಾಶಿ ನೋಡಿದಳು. ಆಮೇಲೆ ಕುರ್ಚಿಯಲ್ಲಿದ್ದ ಚಂದ್ರಾಮಪ್ಪನವರನ್ನು ನೋಡಿದಳು.

“ಹೇಳ್ಯಾರ?” ಎಂದಳು ಮೆಲ್ಲಗೆ.

ಚಂದ್ರಾಮಪ್ಪ ಮುಂದಿನ ಚಮಚಕ್ಕೆ ಬಾಯಿ ತೆರೆದು ಕಾಯುತ್ತಿದ್ದರು.