ಕಾನಡಿ ಸೊಸೆ

"ಶಾಲೆಗೆ ನೀ ಬರಬೇಡ, ಪಪ್ಪಾ ಬರಲಿ" ಎಂದು ಹೆತ್ತ ಮಗಳೇ ಹೇಳಿದಾಗ ಶಾಂಭವಿ ಕೈಯಲ್ಲಿದ್ದ ಲಟ್ಟಣಿಗೆಯನ್ನು ಗೋಡೆಗೆ ಎಸೆದಳು. ಒಂಬತ್ತು ವರ್ಷದ ಮೀನಲ ಆ ಮಾತನ್ನು ಹೇಳಿದ್ದು ಮರಾಠಿಯಲ್ಲಿ. ಪಾಲಕರ ಸಭೆಯಲ್ಲಿ ಅಮ್ಮ ಬಾಯಿ ತೆರೆದರೆ ಗೆಳತಿಯರು ನಗುತ್ತಾರಂತೆ.

ಅತ್ತೆ ಪ್ರಯಾಗಬಾಯಿ ದೇವರ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ಹುಡುಗಿ ಹೇಳುವುದರಲ್ಲಿ ತಪ್ಪೇನಿದೆ? ಹನ್ನೆರಡು ವರ್ಷದಲ್ಲಿ ಕಲ್ಲೂ ಮರಾಠಿ ಕಲಿಯುತ್ತಿತ್ತು" ಎಂದು ಮರಾಠಿಯಲ್ಲೇ ಅಂದಳು.

ಶಾಂಭವಿಯ ತವರು ಭಾಲ್ಕಿ ಹತ್ತಿರದ ಹಳ್ಳಿ. ಮಹಾರಾಷ್ಟ್ರದಲ್ಲಿರುವ ಗಂಡನ ಊರು ನಿಲಂಗಾದಿಂದ ಅದೇನು ದೂರವಲ್ಲ. ಮಾವ ತಾವೇ ನೋಡಿ ಮೆಚ್ಚಿ ಮಗ ಕೈಲಾಸನಿಗೆ ತಂದುಕೊಂಡ ಸಂಬಂಧ. ಅವರು ಮೂರೇ ವರ್ಷದಲ್ಲಿ ತೀರಿಕೊಂಡರು. ಮನೆಯೊಳಗೆ ಮರಾಠಿ ಬಿಟ್ಟು ಬೇರೆ ಮಾತು ಕೂಡದು ಎನ್ನುವುದು ಪ್ರಯಾಗಬಾಯಿಯ ಕಟ್ಟಳೆ. ಶಾಂಭವಿ ಬಾಣಂತಿಯಾಗಿದ್ದಾಗ ಕೂಸಿಗೆ ಕನ್ನಡದ ಜೋಗುಳ ಹಾಡುತ್ತಿದ್ದರೆ, ಅತ್ತೆ ಬಂದು ಕೂಸನ್ನೇ ಮಡಿಲಿಂದ ಎತ್ತಿಕೊಂಡು ಹೋಗಿದ್ದಳು. ಅಂದಿನಿಂದ ತವರಿಗೆ ಫೋನ್ ಮಾಡಬೇಕಾದರೂ ಅವಳು ಮಾಳಿಗೆ ಹತ್ತುತ್ತಿದ್ದಳು.

ಓಣಿಯ ಹೆಂಗಸರಿಗೆ ಅವಳು ಶಾಂಭವಿಯಲ್ಲ, 'ಕಾನಡಿ', ಅಂದರೆ ಕನ್ನಡದವಳು. ಎದುರು ಮನೆಯ ಮಾಣಿಕಬಾಯಿಯಂತೂ ಬೀದಿಯ ಆ ತುದಿಯಿಂದಲೇ ಹಾಗೆ ಕೂಗುತ್ತಿದ್ದಳು. ಎಲ್ಲರೂ ಕಟ್ಟೆಯ ಮೇಲೆ ಕೂತು ನಗುವಾಗ ಶಾಂಭವಿಗೆ ಮಾತು ಅರ್ಥವಾಗಿ ನಗು ಬರುವಷ್ಟರಲ್ಲಿ ಉಳಿದವರ ನಗು ಮುಗಿದಿರುತ್ತಿತ್ತು. ಒಬ್ಬಳೇ ನಕ್ಕಾಗ ಎಲ್ಲರೂ ತಿರುಗಿ ನೋಡುತ್ತಿದ್ದರು. ಒಮ್ಮೆ ಗಂಡನ ಮುಂದೆ ಇದನ್ನು ಹೇಳಿಕೊಂಡಳು. ಕೈಲಾಸ ಮೋಟಾರು ರಿಪೇರಿ ಮಾಡುವವನು. ಎದುರಿಗಿದ್ದ ಯಂತ್ರದಿಂದ ಕಣ್ಣು ತೆಗೆಯದೆ, "ಎಲ್ಲಾ ನಿನ್ನ ತಲೆಯೊಳಗೇ ಇದೆ" ಎಂದ. ಅವಳೂ ಹಾಗೆಯೇ ನಂಬತೊಡಗಿದಳು. ಎಲ್ಲರನ್ನೂ ಸರಿಯಾಗಿ ಮಾಡಿದ ದೇವರು ತನ್ನೊಬ್ಬಳಲ್ಲಿ ಏನನ್ನೋ ಮರೆತಿದ್ದಾನೆ ಎಂದುಕೊಂಡಳು.

ದೀಪಾವಳಿ ಮುಗಿದ ಮೇಲೆ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಉದಗೀರಿಗೆ ಕರೆದೊಯ್ಯಬೇಕಾಯಿತು. ಕೈಲಾಸ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟು ಅಂಗಡಿಗೆ ಮರಳಿದ. ಬೆಳಿಗ್ಗೆ ಆಪರೇಷನ್ ಆಯಿತು. ಮಧ್ಯಾಹ್ನ ಶಾಂಭವಿ ಚಹಾ ತರಲು ಕೆಳಗಿಳಿದಳು.

ಮರಳಿ ಬಂದಾಗ ವಾರ್ಡಿನ ಬಾಗಿಲಲ್ಲೇ ಅವಳು ನಿಂತಳು. ಪಕ್ಕದ ಮಂಚದಲ್ಲಿ ಕಲ್ಯಾಣಮ್ಮ ಎಂಬ ಮುದುಕಿ ಇದ್ದಳು. ಬೀದರಿನ ಔರಾದ ಕಡೆಯವಳು, ಮರಾಠಿ ಒಂದಕ್ಷರ ಬಾರದು. ಮಗ ಔಷಧಿ ತರಲು ಹೋಗಿದ್ದ. ಅವಳು ಏನನ್ನೋ ಕೇಳುತ್ತ ಅಳುತ್ತಿದ್ದಳು, ನರ್ಸು ತಿಳಿಯದೆ ರೇಗುತ್ತಿದ್ದಳು. ಆಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಚೆ ಮುಖ ಮಾಡಿ ಕೂತಿದ್ದ ಪ್ರಯಾಗಬಾಯಿ ಕನ್ನಡದಲ್ಲಿ ಮಾತಾಡಿದಳು.

"ಅಳಬ್ಯಾಡ್ರಿ ಅಕ್ಕಾ. ಹೊರಗ ಹೋಗಬೇಕು ಅಲ್ರಿ? ನಾ ಹೇಳ್ತೀನಿ ಆಕಿಗಿ."

ನರ್ಸಿಗೆ ಮರಾಠಿಯಲ್ಲಿ ವಿಷಯ ತಿಳಿಸಿದಳು. ನರ್ಸು ಮುದುಕಿಯನ್ನು ನಡೆಸಿಕೊಂಡು ಹೋಗಿ ಮರಳಿ ಕರೆತಂದು ಮಲಗಿಸಿದಳು.

"ನಿಮ್ದು ಯಾವೂರ್ರೀ ಬಾಯಿ?" ಕಲ್ಯಾಣಮ್ಮ ಕೇಳಿದಳು.

"ನಿಮ್ಮ ಕಡೀದೇ. ಸಣ್ಣಾಕಿದ್ದಾಗೇ ಅವ್ವ ಅಪ್ಪ ಹೋದ್ರು. ಲಾತೂರದಾಗ ಅಣ್ಣ ಇದ್ದ, ಅಂವಾ ನಿಲಂಗಾಕ್ಕ ಕೊಟ್ಟ." ಪ್ರಯಾಗಬಾಯಿ ನಕ್ಕಳು. "ಎಷ್ಟು ವರ್ಷ ಆತು ನೋಡ್ರಿ ಹಿಂಗ ಮಾತಾಡಿ. ನಾಲಿಗಿ ಹಗುರ ಆತು."

ಆ ನಗುವನ್ನು ಶಾಂಭವಿ ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ. ಹೋಗಿ ಮಂಚದ ಮುಂದೆ ನಿಂತಳು.

"ಚಹಾ ತಗೋರಿ, ಅತ್ತಿ."

ಕನ್ನಡದಲ್ಲೇ ಅಂದಳು. ಪ್ರಯಾಗಬಾಯಿಯ ಮುಖದಿಂದ ನಗು ಇಳಿದುಹೋಯಿತು.

"ಯಾವಾಗ ಬಂದಿ?"

"ನೀವು ನಗಲತ್ತಿದ್ದಾಗ." ಶಾಂಭವಿ ಲೋಟವನ್ನು ಅವಳ ಕೈಗಿಟ್ಟಳು. "ನಿಮಗ ಬರ್ತಿತ್ತು. ನಾ ಮಾಳಗಿ ಮ್ಯಾಲೆ ನಿಂತು ಅವ್ವನ ಜೋಡಿ ಅಳೂದು ಎಲ್ಲಾ ನಿಮಗ ತಿಳೀತಿತ್ತು. ತಿಳಿದೂ ಸುಮ್ಮ ಕೂತ್ರಿ."

"ಮೆಲ್ಲಕ ಮಾತಾಡು. ಮಂದಿ ಅದಾರ."

"ಇರ್ಲಿ ಮಂದಿ. ನನಗ ತಲಿ ಕೆಟ್ಟದ ಅಂದ್ಕೊಂಡಿದ್ದೆ ಅತ್ತಿ. ಇಡೀ ಊರಾಗ ನಾ ಒಬ್ಬಾಕೇ ಬ್ಯಾರೆ, ನಂದೇ ಏನೋ ತಪ್ಪದ ಅಂದ್ಕೊಂಡಿದ್ದೆ. ಒಂದೇ ಒಲಿ ಮುಂದ ಇಬ್ರು ಇದ್ದೆವು. ಒಂದ್ ಮಾತು, ಒಂದೇ ಒಂದ್ ಮಾತು ಆಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಪ್ರಯಾಗಬಾಯಿ ಲೋಟವನ್ನು ಪಕ್ಕಕ್ಕಿಟ್ಟಳು.

"ನನಗೂ ಕಾನಡಿ ಅಂತೇ ಕರೀತಿದ್ರು" ಎಂದಳು. "ನಮ್ಮತ್ತಿ ನನ್ನ ಹೆಸರೇ ಹಿಡೀಲಿಲ್ಲ. ಬಾಯಿ ತೆಗದ್ರ ಮೈದುನರು ಅಣಕಸ್ತಿದ್ರು. ಎರಡು ವರ್ಷ ಮೂಕಿ ಆಗಿದ್ದೆ. ಕಲ್ತೆ. ಅವರಕಿಂತ ಛಲೋ ಕಲ್ತೆ. ಹಳೇ ಮಂದಿ ಸತ್ರು, ಊರು ಮರೀತು. ಆಮ್ಯಾಲ ನೀ ಬಂದಿ. ಲಗ್ನಕ್ಕ ನಾ ಒಲ್ಲೆ ಅಂದಿದ್ದೆ, ನಿಮ್ಮ ಮಾವ ಕೇಳಲಿಲ್ಲ. ನೀ ಮಾತಾಡಿದಾಗೆಲ್ಲ ನನ್ನ ಗುರ್ತ ಹಿಡೀತಾರ ಅಂತ ಎದಿ ಹೊಡ್ಕೋತಿತ್ತು."

"ಅದಕ್ಕ ನನ್ನ ಓಣಿ ಮಂದಿ ಕೈಯಾಗ ಕೊಟ್ರಿ."



ಶಾಂಭವಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮರುಕ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ತಾನು ತಿಂದ ಪೆಟ್ಟಿನ ರುಚಿ ಗೊತ್ತಿದ್ದವಳೇ ಅದನ್ನು ಇನ್ನೊಬ್ಬಳಿಗೆ ಬಡಿಸಿದಳಲ್ಲ ಎಂದು ಸಿಟ್ಟು ಬಂತು. ಅಲ್ಲಿಂದಲೇ ಭಾಲ್ಕಿಯ ಬಸ್ಸು ಹತ್ತಿಬಿಡಬೇಕು ಅನ್ನಿಸಿತು. ಆದರೆ ಎರಡು ತಾಸಿಗೊಮ್ಮೆ ಕಣ್ಣಿಗೆ ಔಷಧಿಯ ಹನಿ ಬಿಡಬೇಕಿತ್ತು. ಎದ್ದು ಒಳಗೆ ಹೋಗಿ ಹನಿ ಬಿಟ್ಟಳು.

ನಿಲಂಗಾಕ್ಕೆ ಮರಳಿದ ಮೇಲೆ ಅವಳು ಅತ್ತೆಯ ಜೊತೆ ಮರಾಠಿ ಬಿಟ್ಟಳು. ಊಟಕ್ಕೆ ಕರೆದರೂ ಕನ್ನಡ, ಗುಳಿಗೆ ಕೊಟ್ಟರೂ ಕನ್ನಡ. ಪ್ರಯಾಗಬಾಯಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು, ಆದರೆ ಮೊದಲಿನಂತೆ ಗದರಲಿಲ್ಲ. ಕೈಲಾಸ ಇಬ್ಬರ ಮುಖವನ್ನೂ ನೋಡಿ ಅಂಗಡಿಗೆ ಬೇಗ ಹೋಗತೊಡಗಿದ.

ನಾಲ್ಕನೇ ದಿನ ಮಾಣಿಕಬಾಯಿ ರೋಗಿಯನ್ನು ನೋಡಲು ಬಂದಳು. ಕೂರುವ ಮುಂಚೆಯೇ ಮರಾಠಿಯಲ್ಲಿ, "ಏನೇ ಕಾನಡಿ, ಅತ್ತೆಯನ್ನು ಸರಿಯಾಗಿ ನೋಡಿಕೊಳ್ತೀಯೋ ಇಲ್ಲೋ?" ಎಂದು ನಕ್ಕಳು. ಮೂಲೆಯಲ್ಲಿ ಪಾಠ ಬರೆಯುತ್ತಿದ್ದ ಮೀನಲ ತಲೆ ತಗ್ಗಿಸಿದಳು.

ಶಾಂಭವಿ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಆಕಿ ಯಾರಿಗಿ ಕರೀಲತ್ತಾಳ ಕೇಳ್ರಿ. ನನಗೋ, ನಿಮಗೋ?"

ಪ್ರಯಾಗಬಾಯಿ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು. ಶಾಂಭವಿ ಏನಂದಳೆಂದು ಮಾಣಿಕಬಾಯಿ ಎರಡು ಸಲ ಕೇಳಿದಳು.

"ಮೀ ಪಣ ಕಾನಡೀಚ್" ಎಂದಳು ಪ್ರಯಾಗಬಾಯಿ. ನಾನೂ ಕಾನಡಿಯೇ. "ನನ್ನ ಸೊಸೆಗೆ ಹೆಸರಿದೆ, ಮಾಣಿಕಬಾಯಿ. ಶಾಂಭವಿ ಅಂತ."

ಮಾಣಿಕಬಾಯಿ ಇದು ಚೇಷ್ಟೆಯೆಂದು ನಗಲು ಹೋದಳು. ಜೊತೆಗೆ ಯಾರೂ ನಗಲಿಲ್ಲ. ಚಹಾ ಕುಡಿಯದೆ ಎದ್ದು ಹೋದಳು. ಮೀನಲ ಪೆನ್ಸಿಲ್ ಕೆಳಗಿಟ್ಟು ಅಜ್ಜಿಯನ್ನೇ ನೋಡುತ್ತಿದ್ದಳು.

"ಈಗರೆ ಸಿಟ್ಟು ಇಳೀತೇನು?" ಪ್ರಯಾಗಬಾಯಿ ಕನ್ನಡದಲ್ಲಿ ಕೇಳಿದಳು.

"ಇಲ್ರಿ. ಇಷ್ಟಕ್ಕ ಇಳಿಯಾಂಗಿಲ್ಲ."

"ಇಳಸಬ್ಯಾಡ. ಏನೇನು ಅನ್ನೋದದ ಅನ್ನು. ಕೇಳ್ತೀನಿ."

ಶಾಂಭವಿ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತಳು. ಬೈಯತೊಡಗಿದಳು. ಸಂಜೆಯ ನಲ್ಲಿ ನೀರು ಬಂದು ಹೋಗುವವರೆಗೂ ಬೈದಳು. ಅತ್ತೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.